ಕಿವಿ ಕೆಳಗೆ ಹಸಿಗಾಯ, ರಾತ್ರಿಯಿಡೀ ಕೆರೆಯುತ್ತಿದ್ದಾಳೆ

ಪ್ರಶ್ನೆ: ನಮ್ಮ ರಿಟ್ರೀವರ್ ನಾಯಿ ಚಿನ್ನುಗೆ ಕಿವಿ ಕೆಳಗೆ ನಿನ್ನೆ ನಾಣ್ಯದಷ್ಟಿದ್ದ ಕೆಂಪು ಇವತ್ತು ಅಂಗೈ ಅಗಲ ಆಗಿದೆ. ಕೂದಲು ಅಂಟಿಕೊಂಡು ವಾಸನೆ ಬರ್ತಿದೆ. ಮುಟ್ಟಿದರೆ ಕಿರುಚ್ತಾಳೆ. ನಾವು ಹಚ್ಚಿಕೊಳ್ಳೋ ಮುಲಾಮು ಹಚ್ಚಬಹುದಾ?

ಉತ್ತರ: ಬೇಡ, ದಯವಿಟ್ಟು! ನೆಕ್ಕಿದರೆ ಹೊಟ್ಟೆಗೆ ಹೋಗುತ್ತೆ. ಜಿಂಕ್ ಆಕ್ಸೈಡ್ ಇರೋ ಕ್ರೀಮು ನಾಯಿಗಳಿಗೆ ವಿಷ. ಇದು ಹಾಟ್ ಸ್ಪಾಟ್ (ಕೆರೆದು ಕೆರೆದು ಬೇಗ ಹರಡೋ, ಒಸರೋ ಚರ್ಮದ ಗಾಯ) ಥರ ಕಾಣುತ್ತೆ. ಸುತ್ತಲಿನ ಕೂದಲನ್ನು ಟ್ರಿಮ್ಮರ್‌ನಲ್ಲಿ ತೆಗೀಬೇಕು, ಗಾಳಿ ಆಡಿದರೇ ಒಣಗೋದು. ಕತ್ತರಿ ಮುಟ್ಟಬೇಡಿ, ಊದಿದ ಚರ್ಮ ಕೊಯ್ದುಹೋಗುತ್ತೆ. ಆಮೇಲೆ ನೀರು ಬೆರೆಸಿದ ಸೋಂಕುನಾಶಕ ಕ್ಲೋರ್‌ಹೆಕ್ಸಿಡಿನ್‌ನಿಂದ ಮೆಲ್ಲಗೆ ಒರೆಸಿ, ಕಿವಿಯೊಳಗೆ ಇಳಿಯದ ಹಾಗೆ. ಗಾಯ ಕೆರೆಯದ ಹಾಗೆ ಕೊರಳಿಗೆ ಕೋನ್ (ತಲೆ ಸುತ್ತ ನಿಲ್ಲೋ ಆಲಿಕೆಯಾಕಾರದ ಪಟ್ಟಿ) ಹಾಕಿ.

ಇನ್ನೊಬ್ಬರು: ಇಷ್ಟು ನೋವಿದ್ದರೆ ಮನೇಲಿ ಕೂದಲು ತೆಗೆಯೋಕೆ ಹೋಗಬೇಡಿ, ಪಾಪ. ಇವತ್ತೇ ಡಾಕ್ಟರಿಗೆ ತೋರಿಸಿ. ಕಿವಿ ಸೋಂಕು, ಚಿಗಟ ಎರಡನ್ನೂ ನೋಡೋಕೆ ಹೇಳಿ. ಮೂಲ ಉಳಿದರೆ ಗಾಯ ಮತ್ತೆ ಬರುತ್ತೆ.

ಪ್ರಶ್ನೆ ಕೇಳಿದವರು: ತಲೆ ಒಂದೇ ಕಡೆ ಒದರ್ತಾ ಇದ್ದಳು, ಕಿವಿಯೇ ಇರಬೇಕು. ಈಗಲೇ ಹೊರಟೆವು.