ಲೇಖಕರ ಜೊತೆ ಶಾಲೆ, ಸಮ್ಮೇಳನ, ಪುಸ್ತಕ ಮೇಳ: ಮಕ್ಕಳ ಪುಸ್ತಕದ ಸಂಪಾದಕರ ತಯಾರಿ ಹೇಗಿರಬೇಕು?

ಪುಟದಂಚು:

ಎಲ್ಲರಿಗೂ ನಮಸ್ಕಾರ. ಕನ್ನಡದ ಮಕ್ಕಳ ಪುಸ್ತಕ ಮಾಡುವ ಸಣ್ಣ ಪ್ರಕಾಶನದಲ್ಲಿ ಸಂಪಾದಕಿ. ಹೊಸ ಚಿತ್ರಪುಸ್ತಕ ಅಚ್ಚಾಗಿದೆ: 24 ಪುಟ, 21 ಸೆಂ.ಮೀ. ಚೌಕ, ಒಳಗೆ 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಆರ್ಟ್ ಪೇಪರ್, ಹೊದಿಕೆ 250 ಜಿಎಸ್‌ಎಂ, ಪಿನ್ ಬೈಂಡಿಂಗ್. ಓದುಗರು 5ರಿಂದ 8 ವರ್ಷದವರು.

ಮುಂದೆ ಮೂರು ಕೆಲಸ ಇವೆ. ನವೆಂಬರ್‌ನಲ್ಲಿ ಲೇಖಕಿಯ ಜೊತೆ ನಾಲ್ಕು ಶಾಲೆ, ಎರಡು ಬೆಂಗಳೂರಿನಲ್ಲಿ, ಎರಡು ಧಾರವಾಡದ ಕಡೆ. ಆಮೇಲೆ ಸಾಹಿತ್ಯ ಸಮ್ಮೇಳನದಲ್ಲಿ ಮಳಿಗೆ. ಕೊನೆಗೆ ದೆಹಲಿಯ ವಿಶ್ವ ಪುಸ್ತಕ ಮೇಳದಲ್ಲಿ ಬೇರೆ ಭಾಷೆಗಳ ಪ್ರಕಾಶಕರ ಭೇಟಿ. ಹಸ್ತಪ್ರತಿ ತಿದ್ದುವುದು ಗೊತ್ತು, ಈ ಓಡಾಟದ ಕೆಲಸ ಹೊಸದು. ಏನೇನು ಮೊದಲೇ ಸಿದ್ಧವಿರಬೇಕು, ಎಲ್ಲಿ ಎಡವುತ್ತದೆ, ದಯವಿಟ್ಟು ತಿಳಿಸಿ.

ಗಟ್ಟಿಓದು:

ಶಾಲೆಯ ಭಾಗ ಹೇಳುತ್ತೇನೆ. ಮೊದಲು ಕ್ಯಾಲೆಂಡರ್ ನೋಡಿ. ನವೆಂಬರ್ 1 ರಾಜ್ಯೋತ್ಸವ, 14 ಮಕ್ಕಳ ದಿನಾಚರಣೆ, ಅಂದಿನಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಶಾಲೆಗಳು ನಿಮ್ಮನ್ನು 14ಕ್ಕೇ ಕರೆಯುತ್ತವೆ. ಒಪ್ಪಿಕೊಳ್ಳಬೇಡಿ. ಅವತ್ತು ಭಾಷಣ, ಡ್ಯಾನ್ಸು, ಸಿಹಿ ಹಂಚಿಕೆಯ ನಡುವೆ ಪುಸ್ತಕಕ್ಕೆ ಹತ್ತು ನಿಮಿಷವೂ ಸಿಗುವುದಿಲ್ಲ. 16ರಿಂದ 20ರೊಳಗಿನ ಮಾಮೂಲಿ ತರಗತಿಯ ದಿನ ಕೇಳಿ.

ಎರಡನೆಯದು ಸಂಖ್ಯೆ. ಮುಖ್ಯೋಪಾಧ್ಯಾಯರು ಪ್ರೀತಿಯಿಂದಲೇ ಒಂದರಿಂದ ಏಳರವರೆಗಿನ ಅಷ್ಟೂ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿಬಿಡುತ್ತಾರೆ. 21 ಸೆಂ.ಮೀ. ಪುಸ್ತಕವನ್ನು ಎತ್ತಿ ಹಿಡಿದರೆ ಹತ್ತು ಹನ್ನೆರಡು ಅಡಿಯಾಚೆ ಚಿತ್ರದ ಸಣ್ಣ ವಿವರ ಕಾಣುವುದಿಲ್ಲ. ಕಾಣದ ಮಗು ಪಕ್ಕದವನನ್ನು ಚಿವುಟುತ್ತದೆ, ಅದು ಮಗುವಿನ ತಪ್ಪಲ್ಲ. ಒಂದು ಸಲಕ್ಕೆ 35–40 ಮಕ್ಕಳು, ಒಂದರಿಂದ ಮೂರನೇ ತರಗತಿಯವರು ಮಾತ್ರ ಎಂದು ಪತ್ರದಲ್ಲೇ ಬರೆಯಿರಿ. ದಿನಕ್ಕೆ ಎರಡೇ ಕೂಟ. ಮೂರನೆಯದಕ್ಕೆ ಲೇಖಕಿಯ ಗಂಟಲು ಉಳಿಯುವುದಿಲ್ಲ.

40 ನಿಮಿಷದ ಪೀರಿಯಡ್ಡಿನಲ್ಲಿ ಮಕ್ಕಳು ಸಾಲಾಗಿ ಬಂದು ಕೂರುವ ಹೊತ್ತಿಗೆ ಏಳೆಂಟು ನಿಮಿಷ ಹೋಗಿರುತ್ತದೆ. ಸ್ವಾಗತಗೀತೆ, ಹೂಗುಚ್ಛ, ಶಾಲು, ಪರಿಚಯ ಭಾಷಣ ಸೇರಿದರೆ ಓದುವುದಕ್ಕೆ ಏನೂ ಉಳಿಯುವುದಿಲ್ಲ. ಸನ್ಮಾನವನ್ನು ಸ್ಟಾಫ್ ರೂಮಿನಲ್ಲೇ ಮುಗಿಸುವಂತೆ ಮೊದಲೇ ವಿನಂತಿಸಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ, ಕೇಳದೆ ಹೋದರೆ ಮಾತ್ರ ತಪ್ಪಿಸಲಾಗದು. ಉಳಿದ ಮೂವತ್ತು ನಿಮಿಷದಲ್ಲಿ ಪರಿಚಯ ಒಂದು ನಿಮಿಷ (ಚಿತ್ರಕಾರರ ಹೆಸರೂ ಅದರಲ್ಲೇ ಬರಬೇಕು), ಓದು ಹತ್ತು ನಿಮಿಷ, ಆಮೇಲೆ ಮಕ್ಕಳ ಮಾತು ಮತ್ತು ಚಟುವಟಿಕೆ.

ಓದುವಾಗ ಪುಟ ತಿರುಗಿಸುವವರು ನೀವೇ ಆಗಿರಿ. ಲೇಖಕಿಯ ಕೈಯಲ್ಲಿ ಇನ್ನೊಂದು ಪ್ರತಿ ಇರಲಿ, ಆಗ ಅವರು ಮಕ್ಕಳ ಮುಖ ನೋಡಿ ಓದಬಹುದು. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ಬೆಳಕು ಹಿಂದಿನಿಂದ ಬಂದರೆ ಚಿತ್ರ ಕಪ್ಪಗೆ ಕಾಣುತ್ತದೆ. ಮಕ್ಕಳು ಜಮಖಾನದ ಮೇಲೆ ಅರ್ಧಚಂದ್ರಾಕಾರದಲ್ಲಿ ಕೂರಲಿ, ನೀವು ಗಿಡ್ಡ ಸ್ಟೂಲಿನ ಮೇಲೆ. ಪ್ರೊಜೆಕ್ಟರ್ ಬಳಸಿ ಎಂದು ಯಾರಾದರೂ ಹೇಳಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಕೋಣೆ ಕತ್ತಲಾದ ಕೂಡಲೇ ಸಣ್ಣ ಮಕ್ಕಳು ಸಿನಿಮಾ ನೋಡುವ ಹಾಗೆ ಹಿಂದಕ್ಕೆ ಒರಗುತ್ತಾರೆ, ಮಾತು ನಿಂತುಹೋಗುತ್ತದೆ.

ಇನ್ನು ನಿಮ್ಮ ನಿಜವಾದ ಕೆಲಸ. ಒಂದು ಹಾಳೆಯಲ್ಲಿ ಪುಟಜೋಡಿಗಳ (ಪುಸ್ತಕ ತೆರೆದಾಗ ಒಟ್ಟಿಗೆ ಕಾಣುವ ಎರಡು ಪುಟ) ಸಂಖ್ಯೆ ಬರೆದು, ಪ್ರತಿಯೊಂದರ ಮುಂದೆ ನಾಲ್ಕು ಖಾನೆ ಎಳೆಯಿರಿ: ನಕ್ಕರು, ಸುಮ್ಮನಾದರು, ಮಧ್ಯೆ ಮಾತಾಡಿದರು, ಬೇರೆಡೆ ನೋಡಿದರು. ನೀವು ಪುಟ ತಿರುಗಿಸುತ್ತಿರುವುದರಿಂದ ಗುರುತು ಹಾಕುವ ಕೆಲಸವನ್ನು ತರಗತಿಯ ಶಿಕ್ಷಕಿಗೋ ನಿಮ್ಮ ಸಹೋದ್ಯೋಗಿಗೋ ಒಪ್ಪಿಸಿ. ಹಸ್ತಪ್ರತಿಯನ್ನು ಮೇಜಿನ ಮುಂದೆ ಎಷ್ಟು ಸಲ ಓದಿದರೂ ಗೊತ್ತಾಗದ್ದು ಈ ಹಾಳೆಯಲ್ಲಿ ಸಿಗುತ್ತದೆ. ಒಂದೇ ಶಾಲೆ ನೋಡಿ ತೀರ್ಮಾನಕ್ಕೆ ಬರಬೇಡಿ. ನಾಲ್ಕರಲ್ಲಿ ಮೂರು ಕಡೆ ಒಂದೇ ಪುಟದಲ್ಲಿ ಕಣ್ಣು ಬೇರೆಡೆ ಹೋದರೆ ಆ ಪುಟದ ಮಾತು ಉದ್ದವಾಗಿದೆ, ಇಲ್ಲವೇ ಚಿತ್ರ ಹೇಳಿದ್ದನ್ನೇ ಮಾತು ಮತ್ತೆ ಹೇಳುತ್ತಿದೆ. ಇದನ್ನು ವಾಪಸ್ ಬರುವ ಕಾರಿನಲ್ಲೇ ಲೇಖಕಿಗೆ ಹೇಳಬೇಡಿ. ದಣಿದ ಹೊತ್ತಿನಲ್ಲಿ ಅದು ದೂರಿನ ಹಾಗೆ ಕೇಳಿಸುತ್ತದೆ. ನಾಲ್ಕೂ ಶಾಲೆ ಮುಗಿದ ಮೇಲೆ ಹಾಳೆಗಳನ್ನು ಎದುರಿಗಿಟ್ಟುಕೊಂಡು ಕೂತು ಮಾತಾಡಿ.

ಧಾರವಾಡದ ಕಡೆ ಒಂದು ವಿಶೇಷ. ಪುಸ್ತಕದಲ್ಲಿ ಸೀಬೆಹಣ್ಣು, ಕಡಲೆಕಾಯಿ ಇದ್ದರೆ ಅಲ್ಲಿನ ಮಕ್ಕಳು ಪೇರಲ, ಶೇಂಗಾ ಎನ್ನುತ್ತಾರೆ. ಇಂಥ ಪದಗಳ ಪಟ್ಟಿ ಮಾಡಿ ಮೊದಲೇ ಲೇಖಕಿಗೆ ಕೊಡಿ. ಪದ ಬದಲಿಸಿ ಓದುವುದು ಬೇಡ, 'ನಿಮ್ಮಲ್ಲಿ ಇದಕ್ಕೇನಂತಾರೆ' ಎಂದು ಅಲ್ಲೇ ನಿಂತು ಕೇಳಲಿ. ಅದಕ್ಕಾಗಿ ಎರಡು ನಿಮಿಷ ಹೋದರೂ ಹೋಗಲಿ.

ಮಳಿಗೆಮೂಲೆ:

ಪ್ರೊಜೆಕ್ಟರ್ ಬಗ್ಗೆ ಸ್ವಲ್ಪ ಭಿನ್ನಾಭಿಪ್ರಾಯ. ಮಕ್ಕಳು 60 ದಾಟಿದರೆ ಬೇರೆ ದಾರಿಯಿಲ್ಲ. ಆಗ ಅಚ್ಚಿಗೆ ಕಳಿಸಿದ ಪಿಡಿಎಫ್ ತೋರಿಸಬೇಡಿ, ಕತ್ತರಿಸುವ ಗುರುತುಗಳೆಲ್ಲ ಕಾಣುತ್ತವೆ. ಪುಟಜೋಡಿಯನ್ನು ಒಂದೇ ಚಿತ್ರವಾಗಿ ತೆಗೆದು, ಮಾತಿಲ್ಲದ ಚಿತ್ರವನ್ನು ಮೊದಲು, ಮಾತಿರುವುದನ್ನು ಆಮೇಲೆ ಇಡಿ. ದೀಪ ಆರಿಸದೆಯೂ ಚಿತ್ರ ಕಾಣುತ್ತದೆಯೇ ಎಂದು ಅರ್ಧ ಗಂಟೆ ಮೊದಲು ಹೋಗಿ ನೋಡಿ.

ಈಗ ಸಮ್ಮೇಳನ. ಮೂರು ದಿನದ ಜಾತ್ರೆ ಎಂದೇ ತಿಳಿಯಿರಿ. ಮೊದಲ ದಿನ ಬೆಳಿಗ್ಗೆ ಅಧ್ಯಕ್ಷರ ಮೆರವಣಿಗೆ, ಉದ್ಘಾಟನೆ. ಆಗ ಮಳಿಗೆ ಖಾಲಿ ಹೊಡೆಯುತ್ತದೆ, ಗಾಬರಿ ಬೇಡ. ಆದರೆ ಮಳಿಗೆ ಹೊಂದಿಸುವ ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು, ಮೆರವಣಿಗೆ ಹೊರಟ ಮೇಲೆ ಗಾಡಿ ಒಳಗೆ ಬಿಡುವುದಿಲ್ಲ.

ನಿಮ್ಮ ಅಳತೆಗೆ ಲೆಕ್ಕ ಹಾಕಿದರೆ ಒಂದು ಪ್ರತಿ ಸುಮಾರು 90 ಗ್ರಾಂ. 150 ಪ್ರತಿಯ ಪೆಟ್ಟಿಗೆ 13.5 ಕೆ.ಜಿ. ಅದಕ್ಕಿಂತ ಹೆಚ್ಚು ತುಂಬಬೇಡಿ. ಮೈದಾನದಲ್ಲಿ ಅರ್ಧ ಕಿಲೋಮೀಟರ್ ಹೊತ್ತು ನಡೆಯಬೇಕಾಗುತ್ತದೆ, ಭಾರವಾದ ಪೆಟ್ಟಿಗೆಯ ತಳ ಕಿತ್ತುಬಂದರೆ ಪುಸ್ತಕದ ಮೂಲೆಗಳು ಮಡಚುತ್ತವೆ. ಪೆಟ್ಟಿಗೆಯನ್ನು ನೆಲಕ್ಕಿಡದೆ ಮರದ ಹಲಗೆಯ ಮೇಲಿಡಿ. ರಾತ್ರಿಯ ಇಬ್ಬನಿಗೆ ಆರ್ಟ್ ಪೇಪರ್ ಅಲೆಯಾಗುತ್ತದೆ. ಧೂಳಿಗೆ ಹತ್ತಿ ಬಟ್ಟೆ, ಮುಚ್ಚಲು ಟಾರ್ಪಾಲು. ನೋಡುವುದಕ್ಕೆಂದೇ ನಾಲ್ಕು ಪ್ರತಿ ತೆಗೆದಿಟ್ಟು 'ನೋಡುವ ಪ್ರತಿ' ಎಂದು ಮುದ್ರೆ ಒತ್ತಿ. ಮಕ್ಕಳು ಮುಟ್ಟದ ಮಳಿಗೆ ಮಕ್ಕಳ ಪುಸ್ತಕದ ಮಳಿಗೆಯೇ ಅಲ್ಲ. ಮೇಜಿನ ಎತ್ತರ ಎರಡೂವರೆ ಅಡಿ, ಅದರ ಮೇಲೆ ಮಲಗಿಸಿಟ್ಟ ಪುಸ್ತಕದ ಹೊದಿಕೆ ಐದು ವರ್ಷದ ಮಗುವಿಗೆ ಸರಿಯಾಗಿ ಕಾಣುವುದಿಲ್ಲ. ಮೇಜಿನ ಮುಂದೆ ಹಗ್ಗ ಕಟ್ಟಿ, ಕ್ಲಿಪ್ ಹಾಕಿ, ಹೊದಿಕೆ ಎದುರಿಗೆ ಕಾಣುವಂತೆ ತೂಗುಹಾಕಿ.

ಬ್ಯಾನರ್ ವಿಷಯಕ್ಕೆ ಎಚ್ಚರ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಫ್ಲೆಕ್ಸ್ ಅಂಗಡಿಗೆ ಹಾಗೇ ಕಳಿಸಿದರೆ, ಅವರ ಹಳೆಯ ಕೋರೆಲ್‌ಡ್ರಾದಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ಬಂದು ಕೂರುತ್ತದೆ. ನುಡಿ ಫಾಂಟಿನ ಕಡತವಾದರೆ ಆ ಫಾಂಟ್ ಇಲ್ಲದ ಕಡೆ ಗೋಜಲಾಗುತ್ತದೆ. ಅಕ್ಷರಗಳನ್ನು ಕರ್ವ್ ಮಾಡಿದ (ಫಾಂಟ್ ಬೇಡದ ಹಾಗೆ ಬರಿಯ ಆಕಾರವಾಗಿ ಬದಲಿಸಿದ) ಪಿಡಿಎಫ್ ಕಳಿಸಿ. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವುದಾದರೆ, ಒತ್ತಕ್ಷರ ಸರಿಯಾಗಿ ಕೂರಿಸುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಇದೆಯೇ ನೋಡಿ. ಅಚ್ಚಿಗೆ ಮುಂಚೆ ಅವರ ಪರದೆಯ ಫೋಟೊ ತರಿಸಿಕೊಂಡು ಅಕ್ಷರ ಅಕ್ಷರ ಓದಿ. ಮಕ್ಕಳ ಪುಸ್ತಕದ ಮಳಿಗೆಯ ಮೇಲೆ ಕಾಗುಣಿತ ತಪ್ಪಿದ್ದರೆ ಶಿಕ್ಷಕರು ಒಳಗೇ ಬರುವುದಿಲ್ಲ.

ಶಿಕ್ಷಕರು ಎಂದೆನಲ್ಲ, ನಿಮ್ಮ ಮುಖ್ಯ ಗಿರಾಕಿಗಳು ಅವರೇ. ಓಓಡಿ (ಕರ್ತವ್ಯದ ಮೇಲಿದ್ದಂತೆ ಎಣಿಸುವ ಅನುಮತಿ) ಮೇಲೆ ಬಂದಿರುತ್ತಾರೆ, ಶಾಲೆಯ ಗ್ರಂಥಾಲಯಕ್ಕೆ ಕೊಳ್ಳುತ್ತಾರೆ. ಅವರಿಗೆ ಶಾಲೆಯ ಹೆಸರಲ್ಲಿ, ಸೀಲು ಸಹಿಯಿರುವ, ಪುಸ್ತಕವಾರು ಬೆಲೆ ಬರೆದ ಬಿಲ್ ಬೇಕು. ಬಿಲ್ ಪುಸ್ತಕ, ಸೀಲು, ಇಂಕ್ ಪ್ಯಾಡ್ ಮರೆತರೆ ಆ ಮಾರಾಟ ಹೋದಂತೆಯೇ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮಕ್ಕಳ ಚಿತ್ರಪುಸ್ತಕದ ಎಚ್‌ಎಸ್‌ಎನ್ ಸಂಖ್ಯೆ (ತೆರಿಗೆ ಲೆಕ್ಕಕ್ಕೆ ಸರಕನ್ನು ಗುರುತಿಸುವ ಸಂಖ್ಯೆ) 4903, ಬೇರೆ ಪುಸ್ತಕಕ್ಕೆ 4901. ಸಾಗಿಸುವಾಗ ಡೆಲಿವರಿ ಚಲನ್ (ಸರಕಿನ ವಿವರವಿರುವ ಸಾಗಣೆ ಚೀಟಿ) ಗಾಡಿಯಲ್ಲಿರಲಿ. ಜನಸಂದಣಿಯಲ್ಲಿ ನೆಟ್‌ವರ್ಕ್ ಕೈಕೊಟ್ಟು ಯುಪಿಐ ನಿಲ್ಲುತ್ತದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್, ಜೊತೆಗೆ ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ಇಟ್ಟುಕೊಳ್ಳಿ.

ಲೇಖಕಿಯ ಸಹಿಗೆ ಸಂಜೆ ನಾಲ್ಕರಿಂದ ಐದು ಸಾಕು. ಅವರು ಭಾಗವಹಿಸುವ ಗೋಷ್ಠಿ ಅದೇ ಹೊತ್ತಿಗಿದೆಯೇ ಎಂದು ಆಹ್ವಾನ ಪತ್ರಿಕೆಯಲ್ಲಿ ನೋಡಿ, ಗೋಷ್ಠಿಗಳು ತಡವಾಗುವುದೇ ಹೆಚ್ಚು. ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಸಾಲಿಗೆ ಬಿಡಿ. ದೀಕ್ಷಾ, ದೀಕ್ಷ, ದಿಶಾ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಶಾಯಿಯಲ್ಲಿ ಬರೆದ ಮೇಲೆ ತಿದ್ದಲಾಗದು. ಆರ್ಟ್ ಪೇಪರಿನ ಮೇಲೆ ಜೆಲ್ ಪೆನ್ ಹರಡುತ್ತದೆ, ಬೇಗ ಒಣಗುವ ಪರ್ಮನೆಂಟ್ ಮಾರ್ಕರ್ ಒಳ್ಳೆಯದು.

ಕಪ್ಪುಪ್ಲೇಟು:

ಹಕ್ಕುಗಳ ಭಾಗ, ಅಂದರೆ ಬೇರೆ ಭಾಷೆಯಲ್ಲಿ ಪ್ರಕಟಿಸುವ ಹಕ್ಕು ಮಾರುವುದು. ದೆಹಲಿ ಮೇಳ 1972ರಿಂದ ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುವಂಥದ್ದು, ಸಾರ್ವಜನಿಕರಿಗೂ ತೆರೆದಿರುತ್ತದೆ. ಶನಿವಾರ ಭಾನುವಾರ ಮಳಿಗೆಯಲ್ಲಿ ಕೂತು ಮಾತಾಡುವುದು ಆಗದ ಮಾತು, ವಾರದ ದಿನಗಳ ಬೆಳಿಗ್ಗೆ ಭೇಟಿ ಇಟ್ಟುಕೊಳ್ಳಿ. ಅದೇ ಮೇಳದಲ್ಲಿ ಪ್ರಕಾಶಕರು ಎದುರುಬದುರು ಕೂತು ಮಾತಾಡುವ ರೈಟ್ಸ್ ಟೇಬಲ್ ಕೂಡ ಇದೆ, ಅದಕ್ಕೆ ಬೇರೆಯಾಗಿ ನೋಂದಾಯಿಸಬೇಕು. ಹಕ್ಕುಗಳ ಮಾತುಕತೆಯೇ ಮುಖ್ಯವಾಗಿರುವ ಜಾಗ ಬೇಕಿದ್ದರೆ 2023ರಲ್ಲಿ ಶುರುವಾದ ಚೆನ್ನೈ ಅಂತರರಾಷ್ಟ್ರೀಯ ಪುಸ್ತಕ ಮೇಳ ಹತ್ತಿರದ್ದು. ಮಕ್ಕಳ ಪುಸ್ತಕಕ್ಕೆಂದೇ ಇರುವ ದೊಡ್ಡ ಮೇಳ ಇಟಲಿಯ ಬೊಲೊನ್ಯಾದ್ದು, 1964ರಿಂದ ನಡೆಯುತ್ತಿದೆ. ಮೊದಲ ವರ್ಷಕ್ಕೆ ಅಷ್ಟು ಖರ್ಚು ಬೇಡ.

ಹೊರಡುವ ಮುಂಚೆ ಒಪ್ಪಂದ ಪತ್ರ ತೆಗೆದು ಓದಿ. ಲೇಖಕಿಯ ಒಪ್ಪಂದದಲ್ಲಿ ಅನುವಾದದ ಹಕ್ಕು ಇದ್ದು, ಚಿತ್ರಕಾರರದ್ದು 'ಕನ್ನಡ ಆವೃತ್ತಿಗೆ ಮಾತ್ರ' ಎಂದಿದ್ದರೆ ನೀವು ಮಾರುವುದಕ್ಕೆ ಏನೂ ಇಲ್ಲ. ಸಣ್ಣ ಪ್ರಕಾಶನಗಳಲ್ಲಿ ಹೀಗಾಗುವುದು ಬಹಳ. ಕತೆಯನ್ನು ಸ್ಟೋರಿವೀವರ್‌ನಂಥ ಮುಕ್ತ ವೇದಿಕೆಗೆ ಸಿಸಿ ಬೈ ಪರವಾನಗಿಯಲ್ಲಿ (ಹೆಸರು ಹೇಳಿ ಯಾರಾದರೂ ಬಳಸಬಹುದು ಎನ್ನುವ ಪರವಾನಗಿ) ಕೊಟ್ಟಾಗಿದ್ದರೆ, ಯಾರು ಬೇಕಾದರೂ ಅನುವಾದಿಸಬಹುದು. ಅದಕ್ಕೆ ಏಕಸ್ವಾಮ್ಯದ ಹಕ್ಕು ಕೊಡುತ್ತೇವೆ ಎನ್ನುವಂತಿಲ್ಲ.

ಭೇಟಿ ಸಾಮಾನ್ಯವಾಗಿ ಅರ್ಧ ಗಂಟೆ. ಮೂರು ಪುಸ್ತಕಕ್ಕಿಂತ ಹೆಚ್ಚು ಒಯ್ಯಬೇಡಿ. ಪ್ರತಿಯೊಂದಕ್ಕೂ ಒಂದೇ ಪುಟದ ಮಾಹಿತಿ: ಅಳತೆ, ಪುಟ, ಪದಸಂಖ್ಯೆ, ವಯಸ್ಸು, ಬೈಂಡಿಂಗ್, ಯಾವ ಭಾಷೆಗಳ ಹಕ್ಕು ಖಾಲಿ ಇದೆ, ಮತ್ತು ಕತೆಯ ಸಾರ. ಸಾರದಲ್ಲಿ ಕೊನೆಯನ್ನೂ ಹೇಳಿ. ಕೊಳ್ಳುವವರಿಗೆ ಕುತೂಹಲ ಹುಟ್ಟಿಸಿ ಪ್ರಯೋಜನವಿಲ್ಲ. 24 ಪುಟದ ಪುಸ್ತಕವಾದ್ದರಿಂದ ಇಡೀ ಪಠ್ಯದ ಇಂಗ್ಲಿಷ್ ಅನುವಾದವನ್ನೇ ಪಿಡಿಎಫ್‌ನಲ್ಲಿ ಹಾಕಿಬಿಡಿ. ಪ್ರಾಸವಿರುವ ಜಾಗ, ಶಬ್ದಾನುಕರಣೆ ಇರುವ ಜಾಗ ಗುರುತಿಸಿ.

ಒಂದು ತಾಂತ್ರಿಕ ಮಾತು, ಇದು ಪುಸ್ತಕ ವಿನ್ಯಾಸದ ಹಂತದಲ್ಲೇ ಆಗಬೇಕು. ಹಲವು ಭಾಷೆಗಳನ್ನು ಒಟ್ಟಿಗೆ ಅಚ್ಚು ಹಾಕಿದರೆ ಖರ್ಚು ಇಳಿಯುತ್ತದೆ, ಏಕೆಂದರೆ ನಾಲ್ಕು ಬಣ್ಣದ ಪ್ಲೇಟ್‌ಗಳಲ್ಲಿ ಕಪ್ಪು ಮಾತ್ರ ಬದಲಾಗುತ್ತದೆ. ಅದಕ್ಕೆ ಅಕ್ಷರಗಳು ಶುದ್ಧ ಕಪ್ಪಿನಲ್ಲಿ, ಓವರ್‌ಪ್ರಿಂಟ್ ಆಗಿ (ಕೆಳಗಿನ ಬಣ್ಣವನ್ನು ಕೊರೆಯದೆ ಅದರ ಮೇಲೆಯೇ ಅಚ್ಚಾಗುವಂತೆ), ಪ್ರತ್ಯೇಕ ಲೇಯರ್‌ನಲ್ಲಿ (ಕಡತದ ಬೇರೆ ಪದರದಲ್ಲಿ) ಇರಬೇಕು. ಚಿತ್ರದ ಮೇಲೆ ಬಿಳಿ ಅಕ್ಷರ ಕೊರೆದಿದ್ದರೆ ನಾಲ್ಕೂ ಪ್ಲೇಟ್ ಹೊಸದಾಗಿ ಮಾಡಬೇಕು. ಚಿತ್ರದೊಳಗಿನ ಅಂಗಡಿ ಬೋರ್ಡು, ಬಸ್ಸಿನ ಫಲಕ ಕನ್ನಡದಲ್ಲಿದ್ದರೆ ಅವನ್ನೂ ಬೇರೆ ಲೇಯರ್‌ಗೆ ಹಾಕಿಕೊಡಲು ಚಿತ್ರಕಾರರಿಗೆ ಹೇಳಿ.

ಪುಟದಂಚು:

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಶಾಲೆಯಲ್ಲಿ ಪುಸ್ತಕ ಮಾರಬಹುದೇ? ಮಕ್ಕಳ ಫೋಟೊ ನಮ್ಮ ಪುಟದಲ್ಲಿ ಹಾಕಬಹುದೇ?

ಶಾಲೆಯ ಕಪಾಟು:

ಸರ್ಕಾರಿ ಶಾಲೆಯಲ್ಲಿ ಮಾರಾಟ ಬೇಡವೇ ಬೇಡ. ನಾಲ್ಕೈದು ಪ್ರತಿ ಗ್ರಂಥಾಲಯಕ್ಕೆ ಕೊಟ್ಟು, ದಾಸ್ತಾನು ಪುಸ್ತಕದಲ್ಲಿ ನಮೂದಿಸಲು ಹೇಳಿ. ನಮೂದಾಗದ ಪುಸ್ತಕ ಬೀರುವಿನ ಮೇಲೆ ಕಟ್ಟು ಬಿಚ್ಚದೆ ಕೂರುತ್ತದೆ. ಖಾಸಗಿ ಶಾಲೆಯಾದರೆ ಒಂದು ವಾರ ಮೊದಲು ಮನೆಗೆ ಆರ್ಡರ್ ಚೀಟಿ ಹೋಗಲಿ, ಎರಡು ದಿನ ಮೊದಲು ಪಟ್ಟಿ ನಿಮ್ಮ ಕೈಗೆ ಬರಲಿ. ಲೇಖಕಿ ಸಹಿ ಮಾಡಿದ ಪ್ರತಿಗಳನ್ನು ಸಂಜೆ ತರಗತಿಯ ಶಿಕ್ಷಕಿ ಬ್ಯಾಗಿಗೆ ಹಾಕಿ ಕಳಿಸಲಿ. ಓದಿದ ಕೂಡಲೇ ಅಲ್ಲೇ ಮೇಜು ಹಾಕಿ ಮಾರಿದರೆ ದುಡ್ಡು ತಂದ ಮಗು ಮುಂದೆ ಬರುತ್ತದೆ, ತರದ ಮಗು ಹಿಂದೆ ಸರಿಯುತ್ತದೆ. ಐದು ನಿಮಿಷದ ಹಿಂದೆ ಇಬ್ಬರೂ ಒಟ್ಟಿಗೆ ನಕ್ಕಿರುತ್ತಾರೆ. ಹಾಗೆ ಮಾಡಬಾರದು.

ಫೋಟೊಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಆರ್ಡರ್ ಚೀಟಿಯ ಕೆಳಗೇ ಒಪ್ಪಿಗೆಯ ಸಾಲು ಸೇರಿಸಬೇಡಿ, ಪುಸ್ತಕ ಕೊಳ್ಳಲು ಅದು ಕಡ್ಡಾಯ ಎಂದುಕೊಳ್ಳುತ್ತಾರೆ. ಸುಲಭದ ದಾರಿ ಮಕ್ಕಳ ಹಿಂದಿನಿಂದ, ಲೇಖಕಿಯ ಮುಖ ಕಾಣುವಂತೆ ತೆಗೆಯುವುದು. ಸಮವಸ್ತ್ರದ ಬ್ಯಾಡ್ಜು, ಗುರುತಿನ ಚೀಟಿ, ಬೋರ್ಡಿನ ಮೇಲಿನ ಹೆಸರುಗಳು ಕಾಣುತ್ತಿವೆಯೇ ಎಂದು ಹಾಕುವ ಮುನ್ನ ದೊಡ್ಡದು ಮಾಡಿ ನೋಡಿ.

ಕಪ್ಪುಪ್ಲೇಟು:

ಗಟ್ಟಿಓದು ಹೇಳಿದ ಹಾಳೆಗೆ ಒಂದು ಸೇರ್ಪಡೆ. ನಾಲ್ಕು ಶಾಲೆ ಮುಗಿದ ಮೇಲೆ ಯಾವುದೋ ಪುಟದ ಮಾತು ಬದಲಿಸಬೇಕು ಅನ್ನಿಸಿದರೆ, ಅಕ್ಷರ ಶುದ್ಧ ಕಪ್ಪಿನಲ್ಲಿದ್ದಾಗ ಮರುಮುದ್ರಣದಲ್ಲಿ ಆ ಪುಟವಿರುವ ಫಾರ್ಮ್‌ನ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು) ಕಪ್ಪು ಪ್ಲೇಟ್ ಒಂದನ್ನೇ ಹೊಸದಾಗಿ ಮಾಡಿಸಿದರೆ ಸಾಕು. ಆದರೆ ಮಿಕ್ಕ ಪ್ಲೇಟ್‌ಗಳು ಪ್ರೆಸ್ಸಿನವರ ಹತ್ತಿರ ಉಳಿದಿರಬೇಕು. ಕೆಲಸ ಮುಗಿದ ಸ್ವಲ್ಪ ದಿನಕ್ಕೆ ಗುಜರಿಗೆ ಹಾಕಿಬಿಡುತ್ತಾರೆ, ತೆಗೆದಿಡಿ ಎಂದು ಇವತ್ತೇ ಫೋನ್ ಮಾಡಿ ಹೇಳಿ.