ಹೋಮ್ ಅಂದ್ರೆ ಗಣಹೋಮಾನಾ?

ಗ್ರೂಪ್: ಕೆಳಮನೆ ಕುಟುಂಬ

ಪಚ್ಚು: ನಮ್ಮ ಹೋಂಸ್ಟೇ ವೆಬ್‌ಸೈಟ್ ರೆಡಿ 🎉 ಎಲ್ರೂ ನೋಡಿ, ಫಾರ್ವರ್ಡ್ ಮಾಡಿ
[ಲಿಂಕ್: ಅಂಗಳದ ಫೋಟೋ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಹೋಮ್’]

ಸುಮತ್ತೆ: ಫೋಟೋ ಚಂದ ಬಂದಿದೆ ಕಣೋ. ಕೆಳಗೆ ಬರೀ ಹೋಮ್ ಅಂತಿದ್ಯಲ್ಲ, ಗಣಹೋಮಾನಾ?

ವಿನಯ: 😂😂 ಅತ್ತೆ ಸರಿಯಾಗೇ ಕೇಳಿದ್ರು. ಪಚ್ಚು, ಏಳು ಪೇಜಿಗೂ ಟೈಟಲ್ (ಬ್ರೌಸರ್ ಟ್ಯಾಬ್ ಮೇಲೆ ಬರೋ ಹೆಸರು) ‘ಹೋಮ್’ ಅಂತಾನೇ ಇದೆ ಮಾರಾಯ, ರೂಮು ಊಟ ದಾರಿ ಎಲ್ಲ ಬೇರೆ ಬೇರೆ ಟ್ಯಾಬಲ್ಲಿ ತೆಗೆದಿಟ್ರೆ ಯಾವುದು ಯಾವುದು ಅಂತ ಗೊತ್ತಾಗಲ್ಲ

ಪಚ್ಚು: ಟೆಂಪ್ಲೇಟಲ್ಲಿ ಹಾಗೇ ಇತ್ತು. ಪೇಜ್ ಒಳಗೆ ದೊಡ್ಡದಾಗಿ ಹೆಸರು ಹಾಕಿದೀನಲ್ಲ ಸಾಕು ಬಿಡೋ

ವಿನಯ: ಒಳಗೆ ಬಂದವ್ರಿಗೆ ಸಾಕು. ಗೂಗಲಲ್ಲಿ ಹುಡುಕೋರು ಇನ್ನೂ ತಡಮೆ ಆಚೆ ನಿಂತಿರ್ತಾರೆ, ಅವ್ರಿಗೆ ಮೊದ್ಲು ಕಾಣೋದು ಆ ಟೈಟಲ್ ಸಾಲೇ

ರಘು ಚಿಕ್ಕಪ್ಪ: ‘ಶ್ರೀ ದುರ್ಗಾಪರಮೇಶ್ವರಿ ಪ್ರಸನ್ನ, ಮಲೆನಾಡಿನ ಮಡಿಲಲ್ಲಿರುವ ನಮ್ಮ ಕೆಳಮನೆಗೆ ತಮಗೆಲ್ಲ ಆದರದ ಸ್ವಾಗತ’ ಅಂತ ಹಾಕಿ. ಗಂಭೀರವಾಗಿರುತ್ತೆ

ವಿನಯ: ಚಿಕ್ಕಪ್ಪ ಲಗ್ನಪತ್ರಿಕೆ ಅಲ್ಲ ಅದು 🙏 ಮೊಬೈಲಲ್ಲಿ ಜಾಗ ಮುಗಿದ ಕಡೆ ಕತ್ತರಿಸಿ ಮೂರು ಚುಕ್ಕೆ ಇಡುತ್ತೆ, ನಿಮ್ಮ ಸಾಲಲ್ಲಿ ಕೆಳಮನೆ ಬರೋ ಹೊತ್ತಿಗೆ ಚುಕ್ಕೆ ಬಂದಿರುತ್ತೆ. ತೀರ್ಥಹಳ್ಳಿ ಅಂತ ಊರ ಹೆಸರೂ ಇಲ್ಲ

ಪಚ್ಚು: ಹಾಗಾದ್ರೆ ಇದು: ‘ಬೆಸ್ಟ್ ಹೋಂಸ್ಟೇ ತೀರ್ಥಹಳ್ಳಿ, ಚೀಪ್ ಹೋಂಸ್ಟೇ ಆಗುಂಬೆ, ಹೋಂಸ್ಟೇ ನಿಯರ್ ಮಿ, ಮಲ್ನಾಡ್ ಹೋಂಸ್ಟೇ’

ವಿನಯ: ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ಕೂಗಿದ ಹಾಗಿದೆ. ಹೀಗೆ ತುರುಕಿದ್ರೆ ಗೂಗಲ್ ನಿನ್ನ ಟೈಟಲ್ ಬಿಟ್ಟು ಪೇಜಿನ ಹೆಡಿಂಗ್ ಎತ್ತಿ ಹಾಕ್ಬೋದು, 2021ರಲ್ಲಿ ಇದಕ್ಕೇ ಹೊಸ ವ್ಯವಸ್ಥೆ ತಂದ್ರು

ಪಚ್ಚು: ಅವ್ರೇ ಸರಿ ಮಾಡ್ಕೊಳ್ಳೋದಾದ್ರೆ ನಾನ್ಯಾಕೆ ತಲೆ ಕೆಡಿಸ್ಕೊಳ್ಲಿ

ವಿನಯ: ಅದೇ ವರ್ಷ ಅವ್ರೇ ಹೇಳಿದ್ರು, ನೂರಕ್ಕೆ 87 ಸಲ ಸೈಟಿನವ್ರು ಬರೆದ ಟೈಟಲ್ಲನ್ನೇ ಬಳಸ್ತೀವಿ ಅಂತ. ಉಳಿದಿದ್ದರಲ್ಲಿ ಏನು ಆರಿಸ್ತಾರೋ ನಿನ್ನ ಕೈಲಿಲ್ಲ

ಶಾಂತಕ್ಕ: ಗೂಗಲ್ ಕಥೆ ಇರ್ಲಿ, ನನ್ನ ಕಥೆ ಕೇಳಿ. ನನಗೆ ಕಣ್ಣು ಕಾಣಲ್ಲ, ಕಂಪ್ಯೂಟರಲ್ಲಿ ಎನ್‌ವಿಡಿಎ (ಸ್ಕ್ರೀನಲ್ಲಿ ಇರೋದನ್ನ ಓದಿ ಹೇಳೋ ಸಾಫ್ಟ್‌ವೇರ್) ಪೇಜ್ ತೆಗೆದ ಕೂಡ್ಲೇ ಮೊದಲು ಓದೋದೇ ಟೈಟಲ್ಲು. ಈಗ ನಿನ್ನ ಸೈಟ್ ತೆಗೆದೆ, ಊಟದ ಪೇಜ್ ಒತ್ತಿದ್ರೆ ‘ಹೋಮ್’ ಅಂತು, ಲಿಂಕ್ ಕೆಲ್ಸ ಮಾಡಿಲ್ವೇನೋ ಅಂತ ವಾಪಸ್ ಹೋಗಿ ಮತ್ತೆ ಒತ್ತಿದೆ, ಮತ್ತೆ ‘ಹೋಮ್’. ಮೂರು ಸಲ ಒತ್ತಿ ಬಿಟ್ಟೆ. ಆ ಪೇಜಲ್ಲಿ ಇರೋದನ್ನ ಮೊದ್ಲು ಹಾಕು, ಮನೆ ಹೆಸ್ರು ಆಮೇಲೆ

ಪಚ್ಚು: ಸಾರಿ ಅಕ್ಕ, ಇದು ಹೊಳೀಲೇ ಇಲ್ಲ. ‘ಊಟದ ಮೆನು, ರೇಟು | ಕೆಳಮನೆ ಹೋಂಸ್ಟೇ, ತೀರ್ಥಹಳ್ಳಿ’ ಓಕೆನಾ?

ಶಾಂತಕ್ಕ: ಹ್ಞಾಂ ಇದು

ರಘು ಚಿಕ್ಕಪ್ಪ: ಅಜ್ಜ ಕಟ್ಟಿಸಿದ ಮನೆ ಹೆಸರು ಮೆನು ಆದ್ಮೇಲಾ?? 😡

ವಿನಯ: ಮೊದಲ ಪೇಜಲ್ಲಿ ‘ಕೆಳಮನೆ’ನೇ ಮುಂದೆ ಇರ್ಲಿ ಚಿಕ್ಕಪ್ಪ, ಉಳಿದ ಆರರಲ್ಲಿ ಹಿಂದೆ

ರಘು ಚಿಕ್ಕಪ್ಪ: 👍 (ಒಪ್ಪಿದೀನಿ ಅಂತಲ್ಲ, ಓದಿದೀನಿ ಅಂತ)

ಪಚ್ಚು: ಏಳೂ ಬದಲಾಯಿಸಿದೆ

ಸುಮತ್ತೆ: ಎಲ್ಲೋ? ಮೇಲೆ ಇನ್ನೂ ಹೋಮ್ ಅಂತಾನೇ ಇದೆ

ವಿನಯ: ಹಳೇ ಮೆಸೇಜಲ್ಲಿ ಬದಲಾಗಲ್ಲ ಅತ್ತೆ, ಕಳಿಸಿದಾಗ ಏನಿತ್ತೋ ಅದೇ

ಸುಮತ್ತೆ: ಸರಿ, ಪೂರ್ಣಾಹುತಿಗೆ ಕರೀರಿ, ಬರ್ತೀನಿ