ಜ್ವರದ ಆ್ಯಪ್ ಬ್ಯಾಡ, ಬ್ಯಾರಲ್ ತಿಕ್ಕೂಣು: ಸೊಲ್ಲಾಪುರ ರಸ್ತೆ ಬಡಾವಣೆ, ವಿಜಯಪುರ

ಅಧ್ಯಕ್ಷರು: ಎಲ್ಲಾರಿಗೂ ನಮಸ್ಕಾರ. ಬಡಾವಣ್ಯಾಗ ಡೆಂಗಿ ಹೆಚ್ಚಾಗೇದ. ಒಂದ ಕಂಪನಿಯವರು ಆ್ಯಪ್ ಕೊಡ್ತಾರಂತ. ಯಾರಿಗೆ ಜ್ವರ, ಅವರು ಯಾರ್‍ಯಾರನ್ನ ಭೆಟ್ಟಿಯಾಗ್ಯಾರ, ಎಲ್ಲಾ ನಕಾಶೆ ಮ್ಯಾಲ ಕಾಣತದ. ರವಿವಾರದೊಳಗ ಹಾಕ್ಕೋರಿ.

2ನೇ ಕ್ರಾಸ್: ಸರ, ನಿಮ್ಮ ಕಾಳಜಿ ಖರೆ ಅದ, ಆದ್ರ ಇದು ಬ್ಯಾಡ್ರಿ. ಡೆಂಗಿ ಬಾಜೂಕ ಕುಂತ್ರ ಹತ್ತಂಗಿಲ್ಲ, ಈಡಿಸ್ ಸೊಳ್ಳಿ ಕಡದ್ರ ಬರತದ. ಭೆಟ್ಟಿಯಾದವರ ಪಟ್ಟಿ ತಗೊಂಡು ಏನ ಮಾಡೂದು? 2020ರಾಗ ಕೊರೋನಾ ಬಂದಾಗ ನಮ್ಮ ಎದುರುಮನಿ ಬಾಗಲಿಗೆ ಕ್ವಾರಂಟೈನ್ ಚೀಟಿ ಹಚ್ಚಿದ್ರು. ಹಾಲಿನವ ಪಾಕೀಟು ಗೇಟಿನ ಹೊರಗ ಒಗದು ಹೋಗ್ತಿದ್ದ. ಚೀಟಿ ತಗದ ಮ್ಯಾಲೂ ಭಾಳ ದಿನ ಆ ಮನಿ ಮಕ್ಕಳನ್ನ ಯಾರೂ ಆಡಾಕ ಕರೀಲಿಲ್ಲ.

4ನೇ ಕ್ರಾಸ್ ಕಾಕಾ: ಆವಾಗ ಸರಕಾರದ ಕೊರೋನಾ ಆ್ಯಪ್ ಆರೋಗ್ಯ ಸೇತು ಎಲ್ಲಾರೂ ಹಾಕ್ಕೊಂಡಿದ್ವಿ. ಏನಾತು?

2ನೇ ಕ್ರಾಸ್: ಕಾಕಾ, ಅದು ಬ್ಲೂಟೂತ್ ಜೋಡಿ ನಾವು ಎಲ್ಲಿದ್ದೀವಿ ಅನ್ನೂದನ್ನೂ ತಗೊಂತಿತ್ತು. ಆ್ಯಪ್ ಬಂದದ್ದು 2020ರ ಏಪ್ರಿಲ್ 2ಕ್ಕ, ಮಾಹಿತಿ ಹೆಂಗ ಬಳಸಬೇಕು ಅನ್ನೂ ನಿಯಮ ಬಂದದ್ದು ಮೇ 11ಕ್ಕ. 2021ರ ಜನವರಿಯಾಗ ನಮ್ಮ ಹೈಕೋರ್ಟೇ, ಒಪ್ಪಿಗಿ ಇಲ್ಲದ ಮಾಹಿತಿ ಹಂಚಬ್ಯಾಡ್ರಿ ಅಂತ ತಡೀತು. ಸಿಂಗಪುರದಾಗೂ ಇಂಥದ್ದ ಆ್ಯಪ್ ತಂದು, ಮಾಹಿತಿ ಬರೇ ರೋಗ ಪತ್ತೆಗಂತ ಹೇಳಿದ್ರು. ಆಮ್ಯಾಲ ಪೊಲೀಸರೂ ಅದನ್ನ ನೋಡಬಹುದು ಅಂತ ಸರಕಾರನ ಒಪ್ಕೊಂತು. ಗೂಗಲ್, ಆ್ಯಪಲ್ ಮಾಡಿದ್ದು ಬ್ಯಾರೆ ಥರಾ: ಬದಲಾಗ್ತಾ ಇರೂ ಗುರುತಿನ ಸಂಖ್ಯೆ ಅಷ್ಟ, ಜಾಗ ಬರಕೊಳ್ತಿರಲಿಲ್ಲ, ಯಾರ್‍ಯಾರ ಹತ್ರ ಇದ್ರು ಅನ್ನೂ ಲೆಕ್ಕ ಫೋನಿನೊಳಗ ಉಳೀತಿತ್ತು. ಈ ಕಂಪನಿ ನಮ್ಮ ಮಾಹಿತಿ ಎಷ್ಟ ದಿನ ಇಟ್ಕೋತದ, ಯಾರಿಗೆ ಕೊಡತದ, ಯಾವಾಗ ಅಳಸತದ? ಬರದು ಕೊಡ್ಲಿ.

1ನೇ ಕ್ರಾಸ್ ಅಕ್ಕಾರು: ನಮ್ಮಲ್ಲಿ ಬಾಡಿಗಿ ಇರೂ ಹುಡುಗ್ಯಾರು ನರ್ಸಿಂಗ್ ಓದ್ತಾರ. ಹೆಸರು ನಕಾಶೆ ಮ್ಯಾಲ ಬಂದ್ರ ಮೆಸ್‌ನವರು ಡಬ್ಬಿ ಬಂದ್ ಮಾಡ್ತಾರ. ಹಂಗಾದ್ರ ಜ್ವರ ಬಂದ್ರೂ ಅವರು ಹೇಳೂದ ಇಲ್ಲ.

ಅಧ್ಯಕ್ಷರು: ಅದೂ ಖರೆ. ಮತ್ತ ಏನ ಮಾಡೂಣು ಹೇಳ್ರಿ.

2ನೇ ಕ್ರಾಸ್: ಜ್ವರ ಬಂದ್ರ ಆಶಾ ಅಕ್ಕಾರಿಗೆ ಇಲ್ಲಾ ನಗರ ಆರೋಗ್ಯ ಕೇಂದ್ರಕ್ಕ ತಿಳಸ್ರಿ, ಹೆಸರು ಅಲ್ಲೇ ಇರ್ಲಿ. ಗುಂಪಿನ್ಯಾಗ ಯಾವ ಕ್ರಾಸ್ ಅಂತ ಅಷ್ಟ ಹಾಕೂಣು. ನಳಾ ದಿನಾ ಬರಂಗಿಲ್ಲ, ಎಲ್ಲಾರ ಮನ್ಯಾಗೂ ಬ್ಯಾರಲ್ ತುಂಬಿರತಾವ. ತತ್ತಿ ಸೊಳ್ಳಿಯಾಗಾಕ ಹೆಚ್ಚುಕಡಿಮಿ 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಬರೇ ನೀರು ಚೆಲ್ಲಿದ್ರ ಆಗಂಗಿಲ್ಲ, ತತ್ತಿ ಗ್ವಾಡಿಗೆ ಅಂಟ್ಕೊಂಡಿರತಾವ, ಒಳಗೆಲ್ಲಾ ಗಸಗಸ ತಿಕ್ಕಬೇಕು.

4ನೇ ಕ್ರಾಸ್ ಕಾಕಾ: ಖಾಲಿ ಪ್ಲಾಟಿನ್ಯಾಗ ಹಳೇ ಟೈರ್ ಬಿದ್ದಾವು, ಒಳಗ ನೀರು ನಿಂತಾವು. ರವಿವಾರ ಮುಂಜಾನೆ ಟಂಟಂ ತರ್ತೀನಿ, ಎತ್ತಾಕ ನಾಕ ಮಂದಿ ಬರ್ರಿ.

ಅಧ್ಯಕ್ಷರು: ನಾ ಬರ್ತೀನಿ. ಆ್ಯಪ್‌ನವರಿಗೆ ಸದ್ಯಕ್ಕ ಬ್ಯಾಡ ಅಂತ ಹೇಳ್ತೀನಿ.